ರಾತ್ರಿ ಊಟ ಬಿಟ್ಟರೂ ಬೆಳಗಿನ ಸಕ್ಕರೆ 170 ದಾಟುತ್ತಿದೆ, ಅಮ್ಮನಿಗೆ ಏನು ಮಾಡಬೇಕು?

ಪ್ರಶ್ನೆ: ರಾಜಾಜಿನಗರದಿಂದ ಮಗಳು

ನನ್ನ ತಾಯಿಗೆ 61 ವರ್ಷ. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗಿನಿಂದ ಬೆಳಿಗ್ಗೆ ತಿಂಡಿಯ ಜೊತೆಗೂ ರಾತ್ರಿ ಊಟದ ಜೊತೆಗೂ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಬೇರೆ ಮಾತ್ರೆ ಇಲ್ಲ. ಕಳೆದ ತಿಂಗಳ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.2 ಬಂದಿದೆ. ನಮ್ಮನ್ನು ಕಂಗೆಡಿಸಿರುವುದು ಬೆಳಗಿನ ಲೆಕ್ಕ. ಮಲಗುವ ಮುನ್ನ 140ರ ಆಸುಪಾಸಿನಲ್ಲಿರುವ ಸಕ್ಕರೆ, ನಡುವೆ ಏನೂ ತಿನ್ನದಿದ್ದರೂ, ಎದ್ದು ನೋಡಿದಾಗ 170 ದಾಟಿರುತ್ತದೆ. ಪಕ್ಕದ ಮನೆಯವರ ಮಾತು ಕೇಳಿ ಅಮ್ಮ ರಾತ್ರಿ ಅನ್ನ ಬಿಟ್ಟು ರಾಗಿ ಗಂಜಿ ಕುಡಿಯತೊಡಗಿದರು. ಅದಕ್ಕೂ ಇಳಿಯಲಿಲ್ಲವೆಂದು ಈಗ ರಾತ್ರಿಯೂಟವನ್ನೇ ನಿಲ್ಲಿಸಿದ್ದಾರೆ, ಊಟವಿಲ್ಲವೆಂದು ಆ ಹೊತ್ತಿನ ಮಾತ್ರೆಯನ್ನೂ ಬಿಟ್ಟಿದ್ದಾರೆ. "ತಿಂದರೆ ಏರುತ್ತದೆ ಸರಿ, ತಿನ್ನದಿದ್ದರೂ ಏರಿದರೆ ನಾನು ಇನ್ನೇನು ಬಿಡಲಿ?" ಎಂದು ಅವರು ಕೇಳಿದಾಗ ನನಗೆ ಉತ್ತರ ತೋಚುವುದಿಲ್ಲ. ವೈದ್ಯರ ಭೇಟಿಗೆ ಇನ್ನೂ ಒಂದು ತಿಂಗಳಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಲ್ಲೇಶ್ವರದ ವೈದ್ಯ

ಮೊದಲು ಮಾತ್ರೆಯ ವಿಷಯ, ಏಕೆಂದರೆ ನೀವು ಕೊನೆಗೆ ಹೇಳಿದ ಆ ಒಂದು ಮಾತೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ರಕ್ತಕ್ಕೆ ಸಕ್ಕರೆ ಬರುವುದು ತಟ್ಟೆಯಿಂದ ಮಾತ್ರವಲ್ಲ. ಯಕೃತ್ತು ಒಂದು ಉಗ್ರಾಣವಿದ್ದಂತೆ. ನಾವು ಉಪವಾಸವಿರುವಾಗ ಅದು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಆರೋಗ್ಯವಂತರಲ್ಲಿ ಇದನ್ನು ಇನ್ಸುಲಿನ್ ಹಿಡಿತದಲ್ಲಿಡುತ್ತದೆ, ಆದರೆ ಎರಡನೇ ವಿಧದ ಮಧುಮೇಹದಲ್ಲಿ ಯಕೃತ್ತು ಇನ್ಸುಲಿನ್ನಿನ ಮಾತಿಗೆ ಸರಿಯಾಗಿ ಬಗ್ಗುವುದಿಲ್ಲ. ಅದರ ಮೇಲೆ, ನಸುಕಿನ 3 ಗಂಟೆಯಿಂದ ಬೆಳಿಗ್ಗೆ 8ರವರೆಗಿನ ಅವಧಿಯಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಮುಂತಾದವು ದೇಹವನ್ನು ಎಚ್ಚರಕ್ಕೆ ಅಣಿಗೊಳಿಸುವಾಗ ಸಕ್ಕರೆ ಇನ್ನಷ್ಟು ಏರುತ್ತದೆ. ವೈದ್ಯರು ಇದನ್ನು ಡಾನ್ ಫಿನಾಮಿನನ್ ಎನ್ನುತ್ತಾರೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಮಾಡುವ ಕೆಲಸವೇ ಯಕೃತ್ತಿನ ಈ ಉತ್ಪಾದನೆಯನ್ನು ತಗ್ಗಿಸುವುದು. ಹೀಗಿರುವಾಗ ಊಟದ ಜೊತೆ ರಾತ್ರಿಯ ಮಾತ್ರೆಯನ್ನೂ ಬಿಟ್ಟರೆ ಬೆಳಗಿನ ಸಕ್ಕರೆ ಇಳಿಯುವುದಾದರೂ ಹೇಗೆ?

ಆದ್ದರಿಂದ ಒಂದು ತಿಂಗಳು ಕಾಯದೆ ನಾಳೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ನಿಂತಿರುವುದನ್ನು ಸ್ಪಷ್ಟವಾಗಿ ತಿಳಿಸಿ. ಹಿತಮಿತವಾದ ಊಟದ ಜೊತೆ ಅದನ್ನು ಮತ್ತೆ ಆರಂಭಿಸಲು ಅವರು ಹೇಳಬಹುದು. ದಿನಕ್ಕೆ 1000 ಮಿ.ಗ್ರಾಂ. ದೊಡ್ಡ ಪ್ರಮಾಣವೇನಲ್ಲ, ಮೂತ್ರಪಿಂಡದ ಪರೀಕ್ಷೆ ನೋಡಿಕೊಂಡು ಅದನ್ನು 2000ದವರೆಗೆ ಏರಿಸುವುದೂ ಉಂಟು, ಇನ್ನೊಂದು ಔಷಧ ಸೇರಿಸುವುದೂ ಉಂಟು. ಆದರೆ ಆ ನಿರ್ಧಾರ ಅವರದು, ಮನೆಯಲ್ಲಿ ಮಾಡುವಂಥದ್ದಲ್ಲ.

ಇನ್ನೊಂದು ವಿಷಯ. ಎಚ್‌ಬಿಎ1ಸಿ 8.2 ಎಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಸುಮಾರು 190 ಇತ್ತೆಂದು ಅರ್ಥ. ರಾತ್ರಿ 140, ಬೆಳಿಗ್ಗೆ 170 ಇರುವವರಿಗೆ ಸರಾಸರಿ 190 ಬರಬೇಕಾದರೆ ಹಗಲಿನಲ್ಲಿ ಎಲ್ಲೋ ಅದು 200 ದಾಟುತ್ತಿರಬೇಕು. ನೀವು ಅಳೆಯದೇ ಇರುವ ಆ ಹೊತ್ತು ಯಾವುದೆಂದು ಹುಡುಕಿ.

ಉತ್ತರ: ವಿಜಯನಗರದ ಲ್ಯಾಬ್ ತಂತ್ರಜ್ಞೆ

ವೈದ್ಯರು ಹೇಳಿದ್ದನ್ನು ಹುಡುಕಲು ದಿನವಿಡೀ ಬೆರಳು ಚುಚ್ಚಬೇಕಾಗಿಲ್ಲ. ಒಂದು ದಿನ ತಿಂಡಿಗೆ ಮುಂಚೆ ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಗೆ, ಮತ್ತೊಂದು ದಿನ ಮಧ್ಯಾಹ್ನದ ಊಟಕ್ಕೆ, ಇನ್ನೊಂದು ದಿನ ರಾತ್ರಿಯೂಟಕ್ಕೆ ಹೀಗೆ ಜೋಡಿಯಾಗಿ ಅಳೆದು, ಏನು ತಿಂದರೆಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಚುಚ್ಚುವ ಮುನ್ನ ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಬೇಕು. ಬಾಳೆಹಣ್ಣು ಸುಲಿದ ಬೆರಳನ್ನು ಹಾಗೆಯೇ ಚುಚ್ಚಿದರೆ ಚರ್ಮಕ್ಕಂಟಿದ ಹಣ್ಣಿನ ಸಕ್ಕರೆಯೂ ಹನಿಯೊಳಗೆ ಸೇರಿ ಇಲ್ಲದ ಏರಿಕೆ ಕಾಣುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ತಕ್ಷಣ ಮುಚ್ಚಿ, ತೇವ ತಾಗಿದ ಸ್ಟ್ರಿಪ್ಪನ್ನು ನಂಬುವಂತಿಲ್ಲ.

ಉತ್ತರ: ಬಸವನಗುಡಿ ನಿವಾಸಿ

ನನಗೂ ಈ ಕಾಯಿಲೆ ಬಹಳ ಕಾಲದಿಂದ ಇದೆ. ರಾಗಿಯ ಬಗ್ಗೆ ನಮ್ಮಲ್ಲಿ ಅತಿಯಾದ ನಂಬಿಕೆಯಿದೆ. ಅದರಲ್ಲಿ ನಾರೂ ಸುಣ್ಣದಂಶವೂ ಹೆಚ್ಚು ಎಂಬುದು ನಿಜ, ಆದರೆ ಅರ್ಧಕ್ಕಿಂತ ಹೆಚ್ಚು ಪಾಲು ಪಿಷ್ಟವೇ. ಅದರಲ್ಲೂ ನುಣ್ಣನೆಯ ಹಿಟ್ಟನ್ನು ನೀರಿನಲ್ಲಿ ಕುದಿಸಿ ಗಂಜಿಯಾಗಿ ಕುಡಿದರೆ ಅಗಿಯುವ ಕೆಲಸವೇ ಇಲ್ಲದೆ ಬೇಗ ಜೀರ್ಣವಾಗಿ ಸಕ್ಕರೆ ಏರುತ್ತದೆ. ಅದರ ಬದಲು ಸಣ್ಣ ಮುದ್ದೆಯೊಂದನ್ನು ಕಾಳು ಹಾಕಿದ ಬಸ್ಸಾರಿನ ಜೊತೆ, ತಟ್ಟೆಯ ಅರ್ಧ ಭಾಗಕ್ಕೆ ಸೊಪ್ಪಿನ ಪಲ್ಯವನ್ನೋ ಕೋಸಂಬರಿಯನ್ನೋ ಹಾಕಿಕೊಂಡು ತಿನ್ನುವುದು ಮೇಲು. ಊಟವಾದ ಮೇಲೆ ಕಾಲು ಗಂಟೆ ಮನೆಯ ಮುಂದಿನ ರಸ್ತೆಯಲ್ಲೇ ನಡೆದಾಡಿದರೂ ಏರಿಕೆ ತಗ್ಗುತ್ತದೆ. ಲಾಲ್‌ಬಾಗಿನಲ್ಲಿ ಮುಂಜಾನೆ ಸುತ್ತು ಹಾಕಿ, ಅಲ್ಲಿಂದ ನೇರವಾಗಿ ಹೋಟೆಲಿಗೆ ಹೋಗಿ ಖಾರಾಬಾತ್ ತಿಂದು ಸಕ್ಕರೆ ಹಾಕಿದ ಕಾಫಿ ಕುಡಿಯುವವರನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ವ್ಯತ್ಯಾಸವಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆಗಳು. ವೈದ್ಯರೊಂದಿಗೆ ಮಾತನಾಡಿದೆ, ರಾತ್ರಿಯ ಮಾತ್ರೆಯೂ ಊಟವೂ ಮತ್ತೆ ಆರಂಭವಾಗಿವೆ. ಹೇಳಿದಂತೆ ಅಳೆದಾಗ, ತಿಂಡಿಗೆ ತಟ್ಟೆ ತುಂಬ ಉಪ್ಪಿಟ್ಟು ತಿಂದ ಎರಡು ಗಂಟೆಗೆ 248 ಇತ್ತು. ಎಷ್ಟಕ್ಕೆ ಇಳಿಸಬೇಕು? ಬೇರೆ ಪರೀಕ್ಷೆಗಳೂ ಬೇಕೇ?

ಉತ್ತರ: ಮಲ್ಲೇಶ್ವರದ ವೈದ್ಯ

ಹುಡುಕುತ್ತಿದ್ದ ಹೊತ್ತು ಸಿಕ್ಕಿತು. ಉಪ್ಪಿಟ್ಟನ್ನು ಅರ್ಧಕ್ಕಿಳಿಸಿ, ತರಕಾರಿ ಹೆಚ್ಚಿಸಿ, ಜೊತೆಗೆ ಮೊಳಕೆ ಹೆಸರುಕಾಳನ್ನೋ ಮೊಟ್ಟೆಯನ್ನೋ ಕೊಟ್ಟು ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ ಇರಲೆಂದು ನೋಡುತ್ತೇವೆ. ವಯಸ್ಸು ಮತ್ತು ಇತರ ಕಾಯಿಲೆಗಳನ್ನು ನೋಡಿ ಇದನ್ನು ಸಡಿಲಿಸುವುದೂ ಉಂಟು. ಮುಂದೆ ಗ್ಲಿಮೆಪಿರೈಡ್‌ನಂಥ, ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಮಾತ್ರೆ ಸೇರಿಸಿದರೆ ಊಟ ಬಿಡುವುದು ಅಪಾಯಕಾರಿ, ಸಕ್ಕರೆ ತೀರಾ ಇಳಿದುಬಿಡಬಹುದು. ಆಗ ಬೆವರು, ನಡುಕ ಕಂಡು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಅಳೆಯಬೇಕು.

ವರ್ಷಕ್ಕೊಮ್ಮೆ ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಜೊತೆಗೆ ಪಾದಗಳ ಸ್ಪರ್ಶಜ್ಞಾನ ಮತ್ತು ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು. ಕಣ್ಣಿಗೆ ಚಾಮರಾಜಪೇಟೆಯ ಸರ್ಕಾರಿ ಮಿಂಟೋ ಆಸ್ಪತ್ರೆಗೂ ಹೋಗಬಹುದು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಂಜಾಗಿರುತ್ತದೆ, ಆದ್ದರಿಂದ ತಾಯಿಯವರ ಜೊತೆ ನೀವೂ ಹೋಗಿ.