ಅಗ್ರಿಕೋಲಾ ಬೋರ್ಡ್ ಗೇಮ್ ತಗೋಬಹುದಾ? ಆಡಿದವರು ಹೇಳಿ

ಪ್ರಶ್ನೆ: ನಾವು ನಾಲ್ಕು ಜನ. ದಾಳ ಉರುಳಿಸುವ ಕಟಾನ್ ಬೋರ್ಡ್ ಗೇಮ್ ಆಡಿ ಆಡಿ ದಾಳ ಅಂದರೇ ಬೇಜಾರು ಬಂದಿದೆ. ತಲೆಗೆ ಇನ್ನಷ್ಟು ಕೆಲಸ ಕೊಡುವ ಆಟ ಬೇಕು. ಬೇಸಾಯದ ಆಟ ಅಗ್ರಿಕೋಲಾ ಹೇಗೆ? ನಮ್ಮಲ್ಲಿ ಒಬ್ಬರು ಇಂಥ ಆಟಕ್ಕೆ ಪೂರ್ತಿ ಹೊಸಬರು.

ಉತ್ತರ 1: ಧೈರ್ಯವಾಗಿ ತಗೊಳ್ಳಿ. ಉವೆ ರೋಸೆನ್‌ಬರ್ಗ್ ಅವರು ರೂಪಿಸಿದ ಈ ಆಟ ಬಂದದ್ದು 2007ರಲ್ಲಿ, ಇನ್ನೂ ಹಳತಾಗಿಲ್ಲ. ದಾಳವೇ ಇಲ್ಲ. ಪ್ರತಿ ಆಟಗಾರರಿಗೂ ಗಂಡ ಹೆಂಡತಿ, ಎರಡು ಕೋಣೆಯ ಮರದ ಮನೆ, ಇಷ್ಟರಿಂದ ಶುರು. ಒಟ್ಟು 14 ಸುತ್ತು. ಮನೆಯ ಒಬ್ಬೊಬ್ಬರನ್ನೂ ಒಂದೊಂದು ಕೆಲಸಕ್ಕೆ ಕಳಿಸಬೇಕು: ಮರ ತರುವುದು, ಉಳುವುದು, ಬಿತ್ತುವುದು, ಬೇಲಿ ಹಾಕುವುದು. ಒಬ್ಬರು ಹಿಡಿದ ಜಾಗ ಆ ಸುತ್ತಿನಲ್ಲಿ ಇನ್ನೊಬ್ಬರಿಗಿಲ್ಲ. ಮರದ ಜಾಗವನ್ನು ಯಾರೂ ಮುಟ್ಟದಿದ್ದರೆ ಅಲ್ಲಿ ಮರ ರಾಶಿ ಬೀಳುತ್ತಾ ಹೋಗುತ್ತದೆ. ಇನ್ನೊಂದು ಸುತ್ತು ಕಾದರೆ ಜಾಸ್ತಿ ಸಿಗುತ್ತದೆ, ಆದರೆ ಅಷ್ಟರಲ್ಲಿ ಪಕ್ಕದವರು ಎತ್ತಿಕೊಂಡರೆ? ಮಜಾ ಇರುವುದೇ ಇಲ್ಲಿ.

ಉತ್ತರ 2: ಮಜಾ ಸರಿ, ಊಟದ ಟೆನ್ಶನ್ ಬಗ್ಗೆ ಇವರು ಹೇಳಲೇ ಇಲ್ಲ! 4, 7, 9, 11, 13, 14ನೇ ಸುತ್ತು ಮುಗಿದಾಗ ಸುಗ್ಗಿ. ಪ್ರತಿ ಸಲ ನಿಮ್ಮ ಮನೆಯವರಿಗೆ ತಲೆಗೆ ಎರಡು ಊಟ ಕೊಡಬೇಕು. ಕಡಿಮೆ ಬಿದ್ದ ಒಂದೊಂದು ಊಟಕ್ಕೂ ಭಿಕ್ಷೆ ಕಾರ್ಡು, ಕೊನೆಯಲ್ಲಿ ಮೂರು ಪಾಯಿಂಟ್ ಕಟ್. ನಡುವಿನ ಅಂತರ ಕುಗ್ಗುತ್ತಾ ಬರುತ್ತದೆ ನೋಡಿ. ಹರಟೆ ಹೊಡೆಯುತ್ತಾ ಆಡುವವರಿಗೆ ಇದು ಪರೀಕ್ಷೆಗೆ ಕೂತ ಹಾಗೆ. ಮೇಲಿಂದ, ಕುರಿ ಇಲ್ಲ ಅಂದರೆ ಮೈನಸ್ ಒಂದು, ತರಕಾರಿ ಇಲ್ಲ ಅಂದರೆ ಮೈನಸ್ ಒಂದು, ಹೊಲದಲ್ಲಿ ಖಾಲಿ ಬಿಟ್ಟ ಪ್ರತಿ ಚೌಕಕ್ಕೂ ಮೈನಸ್ ಒಂದು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಲೇಬೇಕು. ಹಾಗಾಗಿ ಕೊನೆಗೆ ಎಲ್ಲರ ಹೊಲವೂ ಒಂದೇ ಥರ ಕಾಣುತ್ತದೆ. ನನಗಂತೂ ಇದು ಹಿಡಿಸಲಿಲ್ಲ.

ಉತ್ತರ 3: ಹೊಲ ಒಂದೇ ಥರ ಇರಬಹುದು, ಅಲ್ಲಿಗೆ ಹೋಗುವ ದಾರಿ ಬೇರೆ ಬೇರೆ. ಶುರುವಿನಲ್ಲೇ ಏಳು ಕಸುಬಿನ ಕಾರ್ಡು, ಏಳು ಸಣ್ಣ ಸುಧಾರಣೆಯ ಕಾರ್ಡು ಕೈಗೆ ಬರುತ್ತವೆ, ಒಂದೊಂದೂ ಒಂದೊಂದು ಅನುಕೂಲ ಕೊಡುತ್ತದೆ. ನನ್ನ ತಕರಾರು ಇರುವುದು ಇವುಗಳ ಮೇಲೆ. ಒಬ್ಬರಿಗೆ ಒಂದಕ್ಕೊಂದು ಹೊಂದುವ ಕಾರ್ಡು, ಇನ್ನೊಬ್ಬರಿಗೆ ಸಂಬಂಧವೇ ಇಲ್ಲದವು. ದಾಳ ಬೇಡ ಅಂದವರಿಗೆ ಅದೃಷ್ಟ ಇಲ್ಲೂ ತಪ್ಪಲ್ಲ. ಹಂಚಿದ ಮೇಲೆ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾ ಹೋಗಿ, ಎಷ್ಟೋ ಸರಿಹೋಗುತ್ತದೆ.

ಉತ್ತರ 4: ಹೊಸಬರು ಇದ್ದಾರಲ್ವಾ, ಮೊದಲ ಆಟ ಈ ಕೈ ಕಾರ್ಡುಗಳಿಲ್ಲದೆ ಆಡಿ. ಇಲ್ಲದಿದ್ದರೆ ಅವರು ಓದುವುದರಲ್ಲೇ ಕಳೆದುಹೋಗುತ್ತಾರೆ. ಬೇಗ ಒಂದು ಒಲೆ ಮಾಡಿಕೊಳ್ಳಲು ಹೇಳಿ. ಒಲೆ ಇದ್ದರೆ ಒಂದು ಕುರಿಯಿಂದ ಎರಡು ಊಟ ಸಿಗುತ್ತದೆ, ಹಸಿವಿನ ಭಯ ಅರ್ಧ ಇಳಿಯುತ್ತದೆ. ಆಮೇಲೆ ಐದು ಮರ, ಎರಡು ಜೊಂಡು ಕೂಡಿಸಿ ಕೋಣೆ ಕಟ್ಟಿ, ಮನೆಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲಿ.

ಉತ್ತರ 5: 2016ರ ಪರಿಷ್ಕೃತ ಆವೃತ್ತಿ ನಾಲ್ಕು ಜನದವರೆಗೆ ಇದೆ, ನಿಮಗೆ ಸಾಕು. ತಲೆಗೆ ಅರ್ಧ ಗಂಟೆ ಅನ್ನುತ್ತಾರೆ, ಹೊಸಬರಿದ್ದರೆ ಅಷ್ಟರಲ್ಲಿ ಮುಗಿಯಲ್ಲ. ಮರ, ಮಣ್ಣು, ಜೊಂಡು, ಕಲ್ಲಿನ ತುಂಡುಗಳಿಗೆ ಬೇರೆ ಬೇರೆ ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಪೆಟ್ಟಿಗೆ ಬಿಚ್ಚಿ ಜೋಡಿಸುವಷ್ಟರಲ್ಲೇ ಸುಸ್ತಾಗುವುದು ತಪ್ಪುತ್ತದೆ.