ಹಿಸ್ ಟ್ಯಾಗ್ ಇರುವ ಕೈಟಿನೇಸ್ ನಿಕ್ಕಲ್ ಕಾಲಮ್‌ಗೆ ಅಂಟುತ್ತಿಲ್ಲ, ಏಕೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನೇತ್ರಾವತಿ ಅಳಿವೆಯ ಕೆಸರಿನಲ್ಲಿ ಸಿಕ್ಕಿದ, ಸಿಗಡಿ ಚಿಪ್ಪನ್ನು ಕರಗಿಸಬಲ್ಲ ಬ್ಯಾಕ್ಟೀರಿಯಾವೊಂದರ ಕೈಟಿನೇಸ್ (ಚಿಪ್ಪಿನ ಕೈಟಿನ್ ಒಡೆಯುವ ಕಿಣ್ವ) ಜೀನನ್ನು ಜೀನ್ ಹೊರುವ ವರ್ತುಲ ಡಿಎನ್‌ಎಯಾದ ಪಿಇಟಿ-28ಎ ಪ್ಲಾಸ್ಮಿಡ್‌ನ ಎನ್‌ಕೋ-1 ಮತ್ತು ಎಕ್ಸ್‌ಹೋ-1 ಎಂಬ ಕತ್ತರಿಸುವ ತಾಣಗಳ ನಡುವೆ ಸೇರಿಸಿ, ಬಿಎಲ್21(ಡಿಇ3) ಎಂಬ ಇ. ಕೋಲೈ ಕೋಶಗಳಲ್ಲಿ ಬೆಳೆಸುತ್ತಿದ್ದೇನೆ. 0.5 ಮಿಲಿಮೋಲಾರ್ ಐಪಿಟಿಜಿ (ಜೀನನ್ನು ಚಾಲೂ ಮಾಡುವ ರಾಸಾಯನಿಕ) ಕೊಟ್ಟು ರಾತ್ರಿಯಿಡೀ 18 ಡಿಗ್ರಿಯಲ್ಲಿ ಇಟ್ಟರೆ, ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜ್ ಮಾಡಿದ ತಿಳಿಯಲ್ಲೇ (ಪ್ರೋಟೀನ್ ಜೆಲ್ ಮೇಲೆ) 45 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿ ಕಾಣುತ್ತದೆ. ಅದರ ಕೆಳಗೆ ಅಂಟಿಕೊಂಡಂತೆ ಇನ್ನೊಂದು ತೆಳು ಪಟ್ಟಿಯೂ ಇದೆ. ಆದರೆ ಹಿಸ್ ಟ್ಯಾಗನ್ನು (ಆರು ಹಿಸ್ಟಿಡಿನ್‌ಗಳ ಸರಣಿ) ಹಿಡಿದಿಡಬೇಕಾದ ನಿಕ್ಕಲ್ ಕಾಲಮ್‌ಗೆ ಹಾಕಿದ ಕೂಡಲೇ ಪ್ರೋಟೀನ್ ಪೂರ್ತಿ ಹರಿದು ಹೋಗುತ್ತದೆ, ಅಂಟಿದ್ದನ್ನು ಬಿಡಿಸುವ ಇಮಿಡಜೋಲ್ 250 ಮಿಲಿಮೋಲಾರ್ ಹಾಕಿದಾಗ ಏನೂ ಬರುವುದಿಲ್ಲ. ಬಫರ್‌ನಲ್ಲಿ ನಿಕ್ಕಲ್ ಕಿತ್ತುಹಾಕುವ ಇಡಿಟಿಎ ಇಲ್ಲ, ಮಣಿಗಳ ತಿಳಿನೀಲಿ ಬಣ್ಣವೂ ಮಾಸಿಲ್ಲ. ಮೂರು ಸಲ ಮಾಡಿದರೂ ಇದೇ ಫಲಿತಾಂಶ.

ಉತ್ತರ 1: ಮಣಿಪಾಲದಿಂದ

ಕಾಲಮ್ ಅನ್ನು ಬಿಟ್ಟು ಮೊದಲು ನಿಮ್ಮ ರಿವರ್ಸ್ ಪ್ರೈಮರ್ (ಜೀನನ್ನು ನಕಲು ಮಾಡುವಾಗ ಅದರ ಹಿಂದಿನ ತುದಿಗೆ ಬಳಸುವ ಡಿಎನ್‌ಎ ತುಣುಕು) ನೋಡಿ. ಈ ಪ್ಲಾಸ್ಮಿಡ್‌ನಲ್ಲಿ ಪ್ರೋಟೀನಿನ ಮುಂದಿನ ತುದಿಯ ಹಿಸ್ ಟ್ಯಾಗ್ ಎನ್‌ಕೋ-1 ತಾಣ ಕಳೆದ ಮೇಲೆ, ಎನ್‌ಡೀ-1 ತಾಣಕ್ಕೆ ಮೊದಲು ಬರುತ್ತದೆ. ಆದ್ದರಿಂದ ಎನ್‌ಕೋ-1ರಲ್ಲಿ ಕತ್ತರಿಸಿ ಜೀನ್ ಸೇರಿಸಿದರೆ ಆ ಟ್ಯಾಗ್ ಕತ್ತರಿಸಿಯೇ ಹೋಗಿರುತ್ತದೆ. ಉಳಿಯುವುದು ಎಕ್ಸ್‌ಹೋ-1 ನಂತರದ ಹಿಂದಿನ ತುದಿಯ ಟ್ಯಾಗ್ ಮಾತ್ರ. ಜೀನಿನ ಸ್ವಂತ ಸ್ಟಾಪ್ ಕೋಡಾನ್ ಪ್ರೈಮರ್‌ನಲ್ಲಿ ಉಳಿದಿದ್ದರೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಅಲ್ಲಿಗೇ ನಿಲ್ಲುತ್ತದೆ, ಆರು ಹಿಸ್ಟಿಡಿನ್‌ಗಳವರೆಗೆ ತಲುಪುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಪ್ರೈಮರ್ ತೆಗೆದು ನೋಡಿದೆ. ಎಕ್ಸ್‌ಹೋ-1ಕ್ಕೆ ಮೊದಲೇ ಟಿಎಎ ಎಂಬ ಸ್ಟಾಪ್ ಕೋಡಾನ್ ಇದೆ. ಮೂರು ವಾರ ಬಫರ್ ಬದಲಿಸುವುದರಲ್ಲೇ ಕಳೆದುಹೋಯಿತು. ಹಾಗಾದರೆ ಎನ್‌ಡೀ-1ಕ್ಕೆ ಬದಲಿಸಿ ಮುಂದಿನ ಟ್ಯಾಗನ್ನೇ ಬಳಸಲೇ?

ಉತ್ತರ 2: ಉಪನ್ಯಾಸಕರು, ಉಡುಪಿ

ದಯವಿಟ್ಟು ಅವಸರ ಬೇಡ. ನೀವು ಹೇಳಿದ ಆ ತೆಳು ಪಟ್ಟಿಯನ್ನು ನಾನು ಕಡೆಗಣಿಸಲಾರೆ. ಬ್ಯಾಕ್ಟೀರಿಯಾಗಳು ಕೈಟಿನೇಸನ್ನು ಸಾಮಾನ್ಯವಾಗಿ ಕೋಶದ ಹೊರಗೆ ಕಳುಹಿಸುವುದರಿಂದ ಅದರ ಮುಂದಿನ ತುದಿಯಲ್ಲಿ ಸಿಗ್ನಲ್ ಪೆಪ್ಟೈಡ್ ಇರುತ್ತದೆ, ಇ. ಕೋಲೈ ಅದನ್ನು ಗುರುತಿಸಿ ಕತ್ತರಿಸುತ್ತಿದ್ದರೆ, ಕತ್ತರಿಸದ ರೂಪ ಮತ್ತು ಕತ್ತರಿಸಿದ ರೂಪ ಹೀಗೆಯೇ ಒಂದರ ಕೆಳಗೊಂದು ಕಾಣುತ್ತವೆ. ಅದರ ಮುಂದೆ ಟ್ಯಾಗ್ ಹಚ್ಚಿದರೆ ಪೆಪ್ಟೈಡ್‌ನೊಂದಿಗೆ ಟ್ಯಾಗೂ ಉದುರಿ ಹೋಗುವ ಸಂಭವವಿದೆ, ಮತ್ತೆ ಇದೇ ಸಂಕಟಕ್ಕೆ ಬರುತ್ತೀರಿ. ಸ್ಟಾಪ್ ಕೋಡಾನ್ ತೆಗೆದು, ಕೊನೆಯ ಕೋಡಾನ್ ಆದ ಕೂಡಲೇ ಸಿಟಿಸಿ ಜಿಎಜಿ (ಎಕ್ಸ್‌ಹೋ-1 ತಾಣ) ಬರುವಂತೆ ಹೊಸ ಪ್ರೈಮರ್ ಮಾಡಿಸಿ. ಆಗ ಓದುವ ಚೌಕಟ್ಟು ತಪ್ಪದೆ ಲ್ಯೂಸಿನ್, ಗ್ಲುಟಮೇಟ್, ನಂತರ ಆರು ಹಿಸ್ಟಿಡಿನ್ ಬರುತ್ತವೆ. ಎನ್‌ಕೋ-1 ಬದಿಯ ಪ್ರೈಮರ್ ಹಾಗೆಯೇ ಇರಲಿ. ಕಾಲಮ್‌ಗೆ ಹಾಕುವ ಮೊದಲು ಹಿಸ್ ಪ್ರತಿಕಾಯದಿಂದ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನಿನಲ್ಲಿ ಟ್ಯಾಗ್ ಇದೆಯೇ ಎಂದು ತೋರಿಸುವ ಪರೀಕ್ಷೆ) ಮಾಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೊಸ ಪ್ರೈಮರ್‌ಗೆ ಇಂದೇ ಆರ್ಡರ್ ಕೊಟ್ಟಿದ್ದೇನೆ. ಅನುಕ್ರಮ ಸರಿಯಿದೆಯೆಂದು ಖಚಿತವಾದ ಮೇಲೆ ಬ್ಲಾಟ್‌ನ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ.