ಚಾಕಲೇಟ್ ಸಿಸ್ಟ್, ಎಂಡೊಮೆಟ್ರಿಯೋಸಿಸ್ ಆಪರೇಷನ್: ಸ್ತ್ರೀರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ಧಾರವಾಡದ ಸದಸ್ಯೆ: ನಮಸ್ಕಾರ ಮೇಡಂ. ನನಗೆ 27 ವರ್ಷ, ಮದುವೆಯಾಗಿಲ್ಲ. ಎರಡೂ ಅಂಡಾಶಯಗಳಲ್ಲಿ ಚಾಕಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗಡ್ಡೆ) ಇದ್ದು, ಬರುವ ವಾರ ದುರ್ಬೀನ್ (ಲ್ಯಾಪರೊಸ್ಕೋಪಿ) ಆಪರೇಷನ್ ನಿಗದಿಯಾಗಿದೆ. ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನ್ ಹೆಚ್ಚಿದೆಯೆಂದು ಮನೆಯವರು ಕ್ಯಾನ್ಸರಿನ ಭಯದಲ್ಲಿದ್ದಾರೆ. ನಾನು ಹೇಗೆ ತಯಾರಾಗಬೇಕು?

ವೈದ್ಯೆ: ಚಾಕಲೇಟ್ ಸಿಸ್ಟ್ ಆಗುವುದು ಎಂಡೊಮೆಟ್ರಿಯೋಸಿಸ್ ರೋಗದಿಂದ, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದರಿಂದ. ಎಂಡೊಮೆಟ್ರಿಯೋಸಿಸ್‌ನಲ್ಲಿಯೂ ಸಿಎ-125 ಏರುತ್ತದೆ, ಅದೊಂದನ್ನೇ ನೋಡಿ ಕ್ಯಾನ್ಸರ್ ಎನ್ನಲಾಗದು. ತೆಗೆದ ಗಡ್ಡೆಯನ್ನು ಬಯಾಪ್ಸಿಗೆ ಕಳಿಸಿದಾಗಲೇ ಖಚಿತವಾಗುವುದು. ನನ್ನ ಪ್ರಶ್ನೆ ಬೇರೆ: ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿವೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಆಗಿದೆಯೇ? ಗಡ್ಡೆಯ ಪೊರೆ ಸುಲಿಯುವಾಗ ಅದಕ್ಕಂಟಿದ ಒಳ್ಳೆಯ ಅಂಡಾಶಯವೂ ಸ್ವಲ್ಪ ಹೋಗುವುದರಿಂದ, ಎರಡೂ ಕಡೆ ಗಡ್ಡೆಯಿದ್ದು ಮುಂದೆ ಮಕ್ಕಳು ಬೇಕೆನ್ನುವವರು ಈ ಪರೀಕ್ಷೆ ಮಾಡಿಸಿಕೊಂಡು, ಅಂಡಾಣುಗಳನ್ನು ಮೊದಲೇ ತೆಗೆದಿರಿಸುವ ಅಗತ್ಯವಿದೆಯೇ ಎಂದು ಸರ್ಜನ್ ಬಳಿ ಕೇಳಿಯೇ ಮುಂದುವರಿಯಬೇಕು. ಒಪ್ಪಿಗೆ ಪತ್ರದಲ್ಲಿ ಅಂಡಾಶಯವನ್ನೇ ತೆಗೆಯುವ ಮಾತಿದ್ದರೆ ಓದದೆ ಸಹಿ ಹಾಕಬೇಡಿ. ಸಾಮಾನ್ಯವಾಗಿ ಊಟ 6 ಗಂಟೆ ಮೊದಲು, ಬರೀ ನೀರು 2 ಗಂಟೆ ಮೊದಲು ನಿಲ್ಲಿಸಬೇಕು; ಅರಿವಳಿಕೆ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ.

ಹಾವೇರಿಯ ಸದಸ್ಯೆ: ಫಾರ್ವರ್ಡ್ ಬಂದಿದೆ: ಅಶೋಕ ತೊಗಟೆಯ ಕಷಾಯಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿ ಒಂದು ಮಂಡಲ ಕುಡಿದರೆ ಗಡ್ಡೆ ಕರಗಿಹೋಗುತ್ತದಂತೆ. ಆಪರೇಷನ್ ತಪ್ಪಬಹುದಲ್ಲವೇ?

ವೈದ್ಯೆ: ತಪ್ಪುವುದಿಲ್ಲ. ಆ ಗಡ್ಡೆಯಲ್ಲಿರುವುದು ತಿಂಗಳುಗಟ್ಟಲೆ ನಿಂತು ಕಪ್ಪಾದ ರಕ್ತ, ಕಷಾಯಕ್ಕೆ ಕರಗುವ ವಸ್ತುವಲ್ಲ. ಬೆಳ್ಳುಳ್ಳಿ ಹೆಚ್ಚಾದರೆ ಆಪರೇಷನ್ ವೇಳೆ ರಕ್ತಸ್ರಾವ ಹೆಚ್ಚಬಹುದು. ಇಂಥವನ್ನು ಕುಡಿದಿದ್ದರೆ ನಾಚಿಕೆಪಡದೆ ಅರಿವಳಿಕೆ ವೈದ್ಯರಿಗೆ ಹೇಳಿ.

ಹುಬ್ಬಳ್ಳಿ ನವನಗರದ ಸದಸ್ಯೆ: ಆಪರೇಷನ್ ಆಗಿ ಹತ್ತು ದಿನವಾಯಿತು. ನಮ್ಮಲ್ಲಿ ನಳದ ನೀರು ದಿನಾಲೂ ಬರುವುದಿಲ್ಲ. ಬಂದ ದಿನ ಕೊಡ ಎತ್ತಬಹುದೇ? ಬದನೆಕಾಯಿ ತಿಂದರೆ ಹೊಲಿಗೆ ಕೀವಾಗುತ್ತದೆಯೇ?

ವೈದ್ಯೆ: ತುಂಬಿದ ಕೊಡ ಸುಮಾರು 6 ವಾರ ಬೇಡ. ಬದನೆಕಾಯಿ ತಿನ್ನಿ.

ರೋಣದ ಸದಸ್ಯೆ: ನನ್ನ ತಂಗಿಗೆ ಆಪರೇಷನ್ ಆಗಿ ಇಂದಿಗೆ ನಾಲ್ಕನೆಯ ದಿನ. ಕರುಳಿಗೆ ಅಂಟಿದ್ದನ್ನು ಬಿಡಿಸಿ ತೆಗೆದೆವೆಂದು ಡಾಕ್ಟರು ಹೇಳಿದ್ದರು. ನಿನ್ನೆ ಚೆನ್ನಾಗಿಯೇ ಓಡಾಡಿದವಳಿಗೆ ಇಂದು ಹೊಟ್ಟೆ ಬಿಗಿದುಕೊಂಡಿದೆ, ಗಾಳಿ ಹೋಗಿಲ್ಲ, ಎರಡು ಸಲ ವಾಂತಿಯಾಗಿದೆ, ಜ್ವರ 101 ಇದೆ. ಅತ್ತೆಯವರು ಬಾಣಂತಿಗೆ ಕಟ್ಟುವಂತೆ ಸೀರೆಯಿಂದ ಹೊಟ್ಟೆ ಕಟ್ಟಿದ್ದಾರೆ. ಗ್ಯಾಸ್ ಇಳಿಯಲು ಅಜವಾನದ ನೀರು ಕೊಟ್ಟು, ರಾತ್ರಿ ಔಡಲ ಎಣ್ಣೆ ಕುಡಿಸೋಣ ಎನ್ನುತ್ತಿದ್ದಾರೆ.

ವೈದ್ಯೆ: ಔಡಲ ಎಣ್ಣೆ ಬೇಡವೇ ಬೇಡ. ಕಟ್ಟಿದ ಸೀರೆಯನ್ನು ಈಗಲೇ ಬಿಚ್ಚಿ, ಬಾಯಿಗೆ ಏನನ್ನೂ ಕೊಡದೆ, ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ಅಲ್ಲಿ ಯಾರೂ ಎತ್ತದಿದ್ದರೆ ಗದಗಿನ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ತುರ್ತು ವಿಭಾಗಕ್ಕೆ ಹೋಗಿ. ದುರ್ಬೀನ್ ಆಪರೇಷನ್‌ನಲ್ಲಿ ಹೊಟ್ಟೆಗೆ ತುಂಬಿದ ಗಾಳಿಯಿಂದ ಭುಜದವರೆಗೆ ನೋಯುವುದುಂಟು, ಆದರೆ ಅದು ಎರಡು ಮೂರು ದಿನಗಳಲ್ಲಿ ಇಳಿಯುತ್ತ ಹೋಗುತ್ತದೆ, ನಾಲ್ಕನೆಯ ದಿನ ಜ್ವರದೊಂದಿಗೆ ಏರುವುದಿಲ್ಲ. ಅಂಟಿದ ಕರುಳನ್ನು ಬಿಡಿಸುವಾಗ ಆದ ಸಣ್ಣ ಗಾಯ ಅಂದೇ ಕಾಣದೆ, ಕೆಲವು ದಿನ ಕಳೆದು ತೂತಾಗಿ, ಹೊಟ್ಟೆಯೊಳಗೆ ಸೋಂಕು ಹರಡುವ ಸಾಧ್ಯತೆ ಇರುತ್ತದೆ. ನಿಮ್ಮ ತಂಗಿಗೆ ಅದೇ ಆಗಿದೆ ಎಂದಲ್ಲ, ಆದರೆ ಅದಿಲ್ಲವೆಂದು ಹೇಳಲು ಪರೀಕ್ಷೆ ಮತ್ತು ಸ್ಕ್ಯಾನ್ ಬೇಕು. ಜ್ವರದ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ಜ್ವರ ಇಳಿದಂತೆ ಕಂಡು ಮೋಸ ಹೋಗುತ್ತೀರಿ. ಡಿಸ್ಚಾರ್ಜ್ ಹಾಳೆ ಜೊತೆಗಿರಲಿ. ಕರುಳು ಬಿಡಿಸಿದ ಮಾತನ್ನು ಅಲ್ಲಿನ ವೈದ್ಯರಿಗೆ ಮೊದಲು ಹೇಳಿ.

ಹಾವೇರಿಯ ಸದಸ್ಯೆ: ಇಷ್ಟೆಲ್ಲ ಪಡಿಪಾಟಲು ಏಕೆ? ಮಕ್ಕಳಾದವರು ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ತಂಟೆಯೇ ಇರುವುದಿಲ್ಲ.

ರಾಣೆಬೆನ್ನೂರಿನ ಸದಸ್ಯೆ: ನಮ್ಮದೇ ಜಿಲ್ಲೆಯಲ್ಲಿ ಬೇಡದ ಗರ್ಭಕೋಶ ತೆಗೆಸಿಕೊಂಡ ತಾಂಡಾದ ಹೆಣ್ಣುಮಕ್ಕಳು ಪರಿಹಾರಕ್ಕೆ ಹೋರಾಡಿದ್ದನ್ನು ಮರೆತಿರಾ? ಇಷ್ಟು ಸಲೀಸಾಗಿ ಹೇಳಬೇಡಿ.

ಹಾವೇರಿಯ ಸದಸ್ಯೆ: ನಾನು ಒಳ್ಳೆಯದಕ್ಕೇ ಹೇಳಿದೆ. ನಿಮಗೆ ಎಲ್ಲದರಲ್ಲೂ ಜಗಳವೇ ಬೇಕು.

ರಾಣೆಬೆನ್ನೂರಿನ ಸದಸ್ಯೆ: ಕಷಾಯವನ್ನೂ ಒಳ್ಳೆಯದಕ್ಕೇ ಹೇಳಿದ್ದಿರಿ.

ಗದಗಿನ ಸದಸ್ಯೆ: ಮೇಡಂ, ಆರೋಗ್ಯ ಕಾರ್ಡಿನಲ್ಲಿ ಈ ಆಪರೇಷನ್ ಆಗುತ್ತದೆಯೇ?

ವೈದ್ಯೆ: ಹಾವೇರಿಯವರೇ, ಗರ್ಭಕೋಶ ಹೋದರೂ ಹೊಟ್ಟೆಯೊಳಗೆ ಬೇರೆಡೆ ಅಂಟಿಕೊಂಡ ರೋಗ ಉಳಿಯಬಹುದು, ನೋವೂ ಉಳಿಯಬಹುದು. ತಕ್ಷಣ ಮಗು ಬೇಡದವರಿಗೆ ಆಪರೇಷನ್ ನಂತರ ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ಕೊಡುವುದು ಗಡ್ಡೆ ಮತ್ತೆ ಬರುವುದನ್ನು ತಗ್ಗಿಸಲಿಕ್ಕೆ. ನೋವು ನಿಂತಿತೆಂದು ಅದನ್ನು ನೀವಾಗಿಯೇ ಬಿಡಬೇಡಿ. ಜಗಳವನ್ನು ಬೇರೆಡೆ ಮಾಡಿಕೊಳ್ಳಿ. ರೋಣದವರು ಹೊರಟಿರಾ?

ಲಕ್ಷ್ಮೇಶ್ವರದ ಸದಸ್ಯೆ: ಹೊಲಿಗೆ ಹಾಕಿದವರು ಬದನೆಕಾಯಿ ತಿನ್ನಬಹುದೇ ಮೇಡಂ?

ವೈದ್ಯೆ: ಮೇಲೆ ಓದಿ. ರೋಣದವರು ಉತ್ತರಿಸಿ.

ರೋಣದ ಸದಸ್ಯೆ: ಗಾಡಿ ಹತ್ತಿದ್ದೇವೆ ಮೇಡಂ. ಆಸ್ಪತ್ರೆಯವರು ಫೋನ್ ಎತ್ತಿದರು, ನೇರವಾಗಿ ಬನ್ನಿ ಎಂದಿದ್ದಾರೆ.

ಹಾವೇರಿಯ ಸದಸ್ಯೆ: ದಾರಿಯಲ್ಲಿ ಸ್ವಲ್ಪ ಜೀರಿಗೆ ನೀರು ಕುಡಿಸಿರಿ, ತಂಪಾಗುತ್ತದೆ.

ವೈದ್ಯೆ: ಬಾಯಿಗೆ ಏನನ್ನೂ ಕೊಡಬಾರದೆಂದು ಬರೆದಿದ್ದೇನೆ. ಜೀರಿಗೆ ನೀರೂ ಬಾಯಿಂದಲೇ ಹೋಗುವುದು.